ಕಂಪೈಲ್ ಆದ ಸಿ ಪ್ರೋಗ್ರಾಂ ‘ಓಡೋದಾ’, ‘ನಡೆಯೋದಾ’? ಪದ ಬೇಕಾಗಿದೆ

ಎಲ್ರಿಗೂ ನಮಸ್ಕಾರ,

ನಾನು ತುಮಕೂರು ಕಡೆ ಡಿಪ್ಲೊಮಾ ಹುಡುಗ್ರಿಗೆ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಪಾಠ ಮಾಡ್ತೀನಿ. ಹತ್ತನೇ ಕ್ಲಾಸ್ ತನಕ ಕನ್ನಡದಲ್ಲೇ ಓದಿ ಬಂದೋರು ಜಾಸ್ತಿ, ಅವರಿಗೋಸ್ಕರ ಕನ್ನಡದಲ್ಲೇ ಒಂದು ಕೈಪಿಡಿ ಬರೀತಾ ಇದೀನಿ. ಅದರಲ್ಲಿ ಒಂದು ಅಧ್ಯಾಯ ಬರುತ್ತೆ, ಕಂಪೈಲ್ ಆಗಿರೋ (ಅಂದ್ರೆ ಯಂತ್ರದ ಭಾಷೆಗೆ ತಿರುಗಿಸಿರೋ) ಸಿ ಪ್ರೋಗ್ರಾಂನ ವೆಬ್ ಪುಟದಲ್ಲಿ ಯಾರಾದ್ರೂ ಕೇಳಿದಾಗ ರನ್ ಮಾಡಿಸಿ ಅದರ ಉತ್ತರ ತೋರಿಸೋದು ಹೇಗೆ ಅಂತ. ಪಾಠ ಬರೆಯೋದು ಕಷ್ಟ ಆಗ್ಲಿಲ್ಲ, ಈ ಅಧ್ಯಾಯಕ್ಕೆ ತಲೆಬರಹ ಬರೆಯೋಕೆ ಹೋಗಿ ಸಿಕ್ಕಿಹಾಕ್ಕೊಂಡೆ. ಕಂಪೈಲ್, ರನ್, ಆನ್ ಡಿಮ್ಯಾಂಡ್, ಪುಟದ ಒಳಗೆ, ಇರೋದು ನಾಲ್ಕೇ ಮಾತು, ನಾಲ್ಕಕ್ಕೂ ನಮ್ಮಲ್ಲಿ ಪದ ಇದೆ, ಆದ್ರೆ ಇರೋ ಪದ ಹಾಕಿದ್ರೆ ಹುಡುಗ್ರು ಬೇರೆ ಏನೋ ಅರ್ಥ ಮಾಡ್ಕೋತಾರೆ.

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ, ಕಂಪ್ಯೂಟರ್ ಗೊತ್ತಿಲ್ಲದ ಭಾಷಾತಜ್ಞರೂ ಇಲ್ಲಿದೀರಿ. ನಾನು ತಗೊಂಡಿರೋ ಉದಾಹರಣೆ ಗುಂಟೆ ಲೆಕ್ಕ. ಪುಟದಲ್ಲಿ ಒಂದು ಚೌಕ ಇದೆ, ಅದರಲ್ಲಿ 3 ಅಂತ ಟೈಪ್ ಮಾಡಿ ಗುಂಡಿ ಒತ್ತಿದ್ರೆ 3 ಗುಂಟೆ ಅಂದ್ರೆ 3267 ಚದರ ಅಡಿ ಅಂತ ಬರಬೇಕು (ಗುಂಟೆಗೆ 1089 ಚದರ ಅಡಿ, 40 ಗುಂಟೆಗೆ ಒಂದು ಎಕರೆ, ಇದು ನಮ್ಮ ಹುಡುಗ್ರಿಗೆ ಮನೆಯಿಂದಲೇ ಗೊತ್ತು, ಅದಕ್ಕೇ ಇದನ್ನ ಆರಿಸ್ಕೊಂಡೆ). ಸರ್ವರ್‌ನಲ್ಲಿ, ಅಂದ್ರೆ ಪುಟ ಕಳಿಸೋ ಕಂಪ್ಯೂಟರ್‌ನಲ್ಲಿ, ಸಿಜಿಐ-ಬಿನ್ ಅನ್ನೋ ಫೋಲ್ಡರ್ ಒಳಗೆ ಕಂಪೈಲ್ ಆದ ಫೈಲ್ ಸುಮ್ನೆ ಬಿದ್ದಿರುತ್ತೆ. ಯಾರೋ ಗುಂಡಿ ಒತ್ತಿದ ತಕ್ಷಣ ಸರ್ವರ್ ಅದನ್ನ ಶುರು ಮಾಡುತ್ತೆ, ಟೈಪ್ ಮಾಡಿದ 3ನ್ನ ಕ್ವೆರಿ ಸ್ಟ್ರಿಂಗ್ ಅನ್ನೋ ಹೆಸರಲ್ಲಿ ಅದರ ಕೈಗೆ ಕೊಡುತ್ತೆ, ಪ್ರೋಗ್ರಾಂ ಗೆಟ್‌ಎನ್ವ್ ಅನ್ನೋ ಸಿ ಫಂಕ್ಷನ್‌ನಿಂದ ಅದನ್ನ ತಗೊಂಡು, ಲೆಕ್ಕ ಹಾಕಿ, ಪ್ರಿಂಟ್‌ಎಫ್ ಅನ್ನೋ ಇನ್ನೊಂದು ಫಂಕ್ಷನ್‌ನಿಂದ ಉತ್ತರ ಬರೆದು ಮುಗಿದುಹೋಗುತ್ತೆ. ಮುಂದಿನ ಜನ ಒತ್ತಿದಾಗ ಮತ್ತೆ ಹೊಸದಾಗಿ ಶುರು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಅನ್ನೋ ಕೇಂದ್ರದಲ್ಲಿ ಹುಟ್ಟಿದ ಸಿಜಿಐ ಅನ್ನೋ ಪದ್ಧತಿ ಇದು, ಹಳೇದು, ಆದ್ರೆ ಕಲಿಸೋಕೆ ಇದಕ್ಕಿಂತ ತಿಳಿಯಾದದ್ದು ನಂಗೆ ಸಿಕ್ಕಿಲ್ಲ, ಯಾಕಂದ್ರೆ ಉತ್ತರ ಕಳಿಸೋಕೆ ಹುಡುಗ್ರಿಗೆ ಆಗಲೇ ಗೊತ್ತಿರೋ ಪ್ರಿಂಟ್‌ಎಫ್ ಸಾಕಾಗುತ್ತೆ.

ಈಗ ಪದಗಳಿಗೆ ಬರೋಣ. ಕಂಪೈಲ್‌ಗೆ ಪದಕೋಶದಲ್ಲಿ ‘ಸಂಕಲನ’ ಅಂತ ಇದೆ. ನಾನೂ ಮೊದಲ ಕರಡಿನಲ್ಲಿ ಅದನ್ನೇ ಹಾಕಿದ್ದೆ. ಒಂದು ಹುಡುಗಿ ಓದಿ ಕೇಳಿದ್ಲು, "ಸರ್, ಏನನ್ನ ಕೂಡಿಸೋದು?" ಅಂತ. ಅವಳು ಕೇಳಿದ್ದು ನೂರಕ್ಕೆ ನೂರು ಸರಿ, ಅವಳ ಗಣಿತದ ಪುಸ್ತಕದಲ್ಲಿ ಸಂಕಲನ, ವ್ಯವಕಲನ ಅಂದ್ರೆ ಕೂಡೋದು, ಕಳೆಯೋದು. ಸಾಹಿತ್ಯದವರಿಗೆ ಕವನ ಸಂಕಲನ, ಸಿನಿಮಾದವರಿಗೆ ಎಡಿಟಿಂಗ್. ಒಂದೇ ಪದಕ್ಕೆ ಮೂರು ಗಟ್ಟಿ ಅರ್ಥ ಇರುವಾಗ ನಾಲ್ಕನೇದನ್ನ ಹೊರಿಸಿದ್ರೆ ಅದು ನಿಲ್ಲಲ್ಲ.

ಆದ್ರೆ ಈ ಪದ ಮಾಡಿದವರನ್ನ ತಪ್ಪು ಅನ್ನೋಕೂ ಆಗಲ್ಲ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಇಂಗ್ಲಿಷಿನಲ್ಲೂ ಕಂಪೈಲ್ ಅಂದ್ರೆ ಸಂಗ್ರಹಿಸಿ ಜೋಡಿಸೋದೇ. 1952ರ ಹೊತ್ತಿಗೆ ಗ್ರೇಸ್ ಹಾಪರ್ ಅನ್ನೋ ಅಮೆರಿಕದ ಗಣಿತಜ್ಞೆ ಯುನಿವ್ಯಾಕ್ ಅನ್ನೋ ಕಂಪ್ಯೂಟರ್‌ಗೆ ಎ-0 ಅಂತ ಒಂದು ವ್ಯವಸ್ಥೆ ಮಾಡಿದ್ರು. ಟೇಪಿನ ಮೇಲೆ ಮೊದಲೇ ಬರೆದಿಟ್ಟ ಚಿಕ್ಕ ಚಿಕ್ಕ ಲೆಕ್ಕದ ತುಂಡುಗಳಿರ್ತಿದ್ವು, ಯಾವ ಯಾವ ತುಂಡು ಬೇಕು ಅಂತ ಹೇಳಿದ್ರೆ ಯಂತ್ರ ಅವನ್ನ ಟೇಪಿನಿಂದ ಹುಡುಕಿ ಸಾಲಾಗಿ ಪೋಣಿಸಿ ಒಂದು ಪೂರ್ತಿ ಪ್ರೋಗ್ರಾಂ ಮಾಡಿಕೊಡ್ತಿತ್ತು. ಅದು ಅಕ್ಷರಶಃ ಸಂಕಲನವೇ, ಕವನ ಸಂಕಲನ ಮಾಡಿದ ಹಾಗೆ. ಆಮೇಲೆ ಕೆಲಸ ಬದಲಾಯ್ತು, ಹೆಸರು ಬದಲಾಗ್ಲಿಲ್ಲ. 1957ರ ಫೋರ್ಟ್ರಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹೆಸರಲ್ಲೇ ಟ್ರಾನ್ಸ್‌ಲೇಶನ್ ಇದೆ, ಸೂತ್ರಗಳ ಅನುವಾದ ಅಂತ. ಇವತ್ತು ನಮ್ಮ ಹುಡುಗ್ರು ಜಿಸಿಸಿ ಅನ್ನೋ ಕಂಪೈಲರ್ ಬಳಸ್ತಾರಲ್ಲ, ಅದು ಮಾಡೋದೂ ಅನುವಾದವೇ, ಸಿ ಭಾಷೆಯಿಂದ ಯಂತ್ರದ ಭಾಷೆಗೆ. ಅಂದ್ರೆ ಇಂಗ್ಲಿಷ್ ತನ್ನ ಹಳೇ ಹೆಸರನ್ನ ಹೊತ್ಕೊಂಡು ಬಂತು, ನಾವು ಆ ಹೆಸರನ್ನ ಅನುವಾದ ಮಾಡಿದ್ವಿ, ಕೆಲಸವನ್ನ ನೋಡ್ಲಿಲ್ಲ. ಜಿಸಿಸಿಯ ಪೂರ್ತಿ ಹೆಸರು ಗ್ನೂ ಕಂಪೈಲರ್ ಕಲೆಕ್ಷನ್, ಅದನ್ನ ಇರೋ ಪದಗಳಲ್ಲಿ ಹಾಕಿದ್ರೆ ‘ಸಂಕಲಕಗಳ ಸಂಕಲನ’ ಆಗುತ್ತೆ. ಹುಡುಗ್ರ ಮುಂದೆ ಇದನ್ನ ಬೋರ್ಡ್ ಮೇಲೆ ಬರೆಯೋಕೆ ನಂಗೆ ಮನಸ್ಸು ಬರಲ್ಲ.

ಹಾಗಾದ್ರೆ ‘ಅನುವಾದಿಸು’ ಅನ್ನಬಹುದಾ? ಇದಕ್ಕೆ ಒಂದು ಒಳ್ಳೇ ಆಧಾರ ಇದೆ. ಪ್ರೋಗ್ರಾಂನ ಮೊದಲೇ ಕಂಪೈಲ್ ಮಾಡದೆ ಓದ್ತಾ ಓದ್ತಾ ನಡೆಸೋ ಇಂಟರ್‌ಪ್ರಿಟರ್‌ಗೆ ‘ದುಭಾಷಿ’ ಅಂದ್ರೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ, ಎದುರು ನಿಂತು ಒಂದೊಂದು ಮಾತನ್ನ ಆಗಾಗಲೇ ತಿರುಗಿಸಿ ಹೇಳೋನು. ಅದರ ಪಕ್ಕದಲ್ಲಿ ಕಂಪೈಲರ್ ಅಂದ್ರೆ ಇಡೀ ಪುಸ್ತಕ ಕೂತು ಅನುವಾದ ಮಾಡಿ ಕೊಟ್ಟೋನು, ಆಮೇಲೆ ಓದುವಾಗ ಅವನು ಇರಬೇಕಾಗಿಲ್ಲ. ಈ ಜೋಡಿ ಹೇಳಿದ ದಿನ ಕ್ಲಾಸಲ್ಲಿ ಯಾರೂ ಮತ್ತೆ ಪ್ರಶ್ನೆ ಕೇಳ್ಲಿಲ್ಲ. ಆದ್ರೆ ‘ಅನುವಾದಿಸಿದ ಸಿ ಪ್ರೋಗ್ರಾಂ’ ಅಂತ ತಲೆಬರಹದಲ್ಲಿ ಹಾಕಿದ್ರೆ ಕನ್ನಡಕ್ಕೆ ಅನುವಾದ ಆಗಿದೆ ಅಂದ್ಕೋತಾರೆ. ‘ಯಂತ್ರಭಾಷೆಗೆ ಇಳಿಸಿದ’ ಅಂತಲೂ ಯೋಚಿಸಿದೆ, ಡೌನ್‌ಲೋಡ್‌ಗೆ ಇಳಿಸಿಕೊಳ್ಳಿ ಅನ್ನೋದು ಆಗಲೇ ಊರೆಲ್ಲಾ ಹರಡಿದೆ.

ಹೀಗೆ ಒದ್ದಾಡ್ತಾ ಇರುವಾಗ ನಂಗೆ ಹೊಳೆದದ್ದು, ನಾವು ಹುಡುಕಬೇಕಾದ್ದು ನಾಮಪದ ಅಲ್ಲ, ಅದರ ಹಿಂದೆ ಬರೋ ಕ್ರಿಯಾಪದ ಅಂತ. ನಮ್ಮಲ್ಲಿ ‘ಇಡು’ ಅಂತ ಒಂದಿದೆಯಲ್ಲ, ಬರೆದಿಡು, ಕಟ್ಟಿಡು, ಎತ್ತಿಡು. ‘ಮಾಡಿದ’ ಬೇರೆ, ‘ಮಾಡಿಟ್ಟ’ ಬೇರೆ. ರಾಗಿ ಬೀಸಿದ್ರು ಅಂದ್ರೆ ಕೆಲಸ ಆಯ್ತು ಅಷ್ಟೇ, ರಾಗಿ ಬೀಸಿಟ್ಟಿದಾರೆ ಅಂದ್ರೆ ಹಿಟ್ಟು ಡಬ್ಬದಲ್ಲಿದೆ, ಯಾವಾಗ ನೆಂಟ್ರು ಬಂದ್ರೂ ಎಸರು ಇಟ್ಟು ಮುದ್ದೆ ಮಾಡಬಹುದು, ಮಿಲ್ಲಿಗೆ ಹೋಗಬೇಕಾಗಿಲ್ಲ. ಈ ಅಧ್ಯಾಯದಲ್ಲಿ ನಂಗೆ ಬೇಕಾಗಿರೋದು ಸರಿಯಾಗಿ ಇದೇ ಅರ್ಥ! ಮುಂಚೆಯೇ ಮುಗಿಸಿ, ಮುಂದಿನ ಉಪಯೋಗಕ್ಕೆ ಅಂತ ಇಟ್ಟಿರೋದು. ಇಂಗ್ಲಿಷಿನ ಕಂಪೈಲ್ಡ್ ಅನ್ನೋದರಲ್ಲಿ ಈ ‘ಇಟ್ಟ’ ಇಲ್ಲವೇ ಇಲ್ಲ, ಅವರು ಅದನ್ನ ಬೇರೆ ಮಾತಲ್ಲಿ ಹೇಳಬೇಕು. ಅದಕ್ಕೆ ನನ್ನ ಈಗಿನ ಒಲವು ‘ಕಂಪೈಲ್ ಮಾಡಿಟ್ಟ’ ಅನ್ನೋದರ ಕಡೆಗೆ. ಕಂಪೈಲ್ ಅನ್ನೋದು ಹಾಗೇ ಇರ್ಲಿ, ಬಸ್ಸು ಕಾರು ಇದ್ದ ಹಾಗೆ, ಕೆಲಸ ಮಾಡೋ ಭಾಗ ಮಾತ್ರ ಕನ್ನಡದ್ದಾಗಿರ್ಲಿ. ‘ಕಂಪೈಲಿಸು’ ಅಂತ ಇಸು ಹಚ್ಚೋರೂ ಇದಾರೆ, ಅದರಲ್ಲಿ ‘ಕಂಪೈಲಿಸಿಟ್ಟ’ ಅಂತಲೂ ಆಗುತ್ತೆ, ನಾಲಿಗೆಗೆ ಸ್ವಲ್ಪ ಭಾರ ಅನ್ಸುತ್ತೆ ನಂಗೆ. ನಿಮಗೆ?

ರನ್ ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ ಪ್ರೋಗ್ರಾಂ ರನ್ ಆಗೋದೂ ರನ್ನೇ, ನಾವು ರನ್ ಮಾಡೋದೂ ರನ್ನೇ. ಕನ್ನಡದಲ್ಲಿ ಹಾಗೆ ನುಣುಚಿಕೊಳ್ಳೋಕೆ ಬಿಡಲ್ಲ, ಓಡು ಬೇರೆ ಓಡಿಸು ಬೇರೆ, ನಡೆ ಬೇರೆ ನಡೆಸು ಬೇರೆ, ಯಾರು ಮಾಡಿಸಿದ್ದು ಅಂತ ಹೇಳ್ಲೇಬೇಕು. ಇದು ಪಾಠಕ್ಕೆ ಬಹಳ ಒಳ್ಳೇದು. ಗುಂಡಿ ಒತ್ತಿದೋನು ಕೇಳ್ತಾನೆ, ಸರ್ವರ್ ಓಡಿಸುತ್ತೆ, ಪ್ರೋಗ್ರಾಂ ಓಡುತ್ತೆ, ಮೂರೂ ಬೇರೆ ಬೇರೆ ಅಂತ ಒಂದೇ ವಾಕ್ಯದಲ್ಲಿ ಕಾಣುತ್ತೆ. ಆದ್ರೆ ‘ಓಡಿಸು’ ಅಂದ್ರೆ ನಾಯಿನ ಓಡಿಸೋದೂ ಆಗುತ್ತೆ, ಮತ್ತೆ ‘ಓಡು’ ಅನ್ನೋದಕ್ಕೆ ಎಡೆಬಿಡದೆ ಅನ್ನೋ ಛಾಯೆ ಇದೆ, ಸಿನಿಮಾ ನೂರು ದಿನ ಓಡ್ತು ಅಂತೀವಲ್ಲ ಹಾಗೆ. ನಮ್ಮ ಗುಂಟೆ ಪ್ರೋಗ್ರಾಂ ಕಣ್ಣು ಮಿಟುಕಿಸೋದ್ರೊಳಗೆ ಹುಟ್ಟಿ, ಒಂದು ಸಾಲು ಬರೆದು, ಸತ್ತುಹೋಗುತ್ತೆ. ‘ನಡೆಸು’ ಅಂದ್ರೆ ಅಂಗಡಿ ನಡೆಸೋದು, ಸಂಸಾರ ನಡೆಸೋದು. ‘ಕಾರ್ಯಗತಗೊಳಿಸು’ ಅಂತ ಸರ್ಕಾರಿ ಪತ್ರದ ಪದ ಒಂದಿದೆ, ನಾನು ಪಾಠದಲ್ಲಿ ಒಂದು ಸಲ ಅಂದೆ, ಹುಡುಗ್ರು ಅದನ್ನ ಬರ್ಕೊಂಡ್ರು, ಯಾರೂ ಬಾಯಲ್ಲಿ ಆಡ್ಲಿಲ್ಲ. ಬಾಯಲ್ಲಿ ಆಡದ ಪದ ಕೈಪಿಡಿಗೆ ಬೇಡ ಅಂತ ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದ ಗೆಳೆಯರೊಬ್ರು ಟಿವಿ ಹಚ್ಚು, ಫ್ಯಾನ್ ಹಚ್ಚು ಅನ್ನೋ ಹಾಗೆ ‘ಪ್ರೋಗ್ರಾಂ ಹಚ್ಚು’ ಅನ್ನಿ ಅಂದ್ರು. ನಂಗೆ ಇಷ್ಟ ಆಯ್ತು, ಆದ್ರೆ ನಮ್ಮ ಕಡೆ ದೀಪ ಹಚ್ತೀವಿ, ಯಂತ್ರ ಹಚ್ಚಲ್ಲ, ಅದರ ಮೇಲೆ ‘ಹಚ್ಚು’ ಶುರು ಮಾಡೋದನ್ನ ಹೇಳುತ್ತೆ, ಆಮೇಲೆ ಅದು ಏನು ಮಾಡ್ತಾ ಇದೆ ಅನ್ನೋದಕ್ಕೆ ಮತ್ತೊಂದು ಬೇಕು.

ಇಲ್ಲಿ ಒಂದು ಘಟನೆ ಹೇಳ್ಬೇಕು. ಒಬ್ಬ ಹುಡುಗ ಗುಂಟೆ ಪ್ರೋಗ್ರಾಂ ಬರೆದು ಸಿಜಿಐ-ಬಿನ್‌ಗೆ ಹಾಕಿದ, ಪುಟದಲ್ಲಿ 3 ಕೊಟ್ಟ, 500 ಅಂತ ದೋಷ ಬಂತು. ಪುಟ ಬಿಟ್ಟು ನೇರವಾಗಿ ಟರ್ಮಿನಲ್‌ನಲ್ಲಿ ಓಡಿಸಿದ್ರೆ 3267 ಸರಿಯಾಗಿ ಬರ್ತಿದೆ. ಅಪಾಚೆ ಅನ್ನೋ ಸರ್ವರ್‌ ತಂತ್ರಾಂಶ ದೋಷಗಳನ್ನ ಬರೆದಿಡೋ ಲಾಗ್ ತೆಗೆದು ನೋಡಿದ್ವಿ, "ಮಾಲ್‌ಫಾರ್ಮ್ಡ್ ಹೆಡರ್ ಫ್ರಮ್ ಸ್ಕ್ರಿಪ್ಟ್", ಅದರ ಮುಂದೆ "ಬ್ಯಾಡ್ ಹೆಡರ್: 3267" ಅಂತ ಇತ್ತು, ಅಂದ್ರೆ ಸ್ಕ್ರಿಪ್ಟ್ ಕಳಿಸಿದ ಹೆಡರ್ ಸರಿಯಿಲ್ಲ ಅಂತ. ತಪ್ಪು ಇಷ್ಟೇ, ಮೊದಲ ಸಾಲಲ್ಲಿ ಕಂಟೆಂಟ್-ಟೈಪ್ ಅಂತ ಬರೆದ ಮೇಲೆ ಒಂದು ಖಾಲಿ ಸಾಲು ಬಿಡಬೇಕು, ಅಂದ್ರೆ ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್ ಎನ್ ಎರಡು ಸಲ, ಅವನು ಒಂದೇ ಸಲ ಹಾಕಿದ್ದ. ಖಾಲಿ ಸಾಲು ಸಿಗೋ ತನಕ ಬಂದದ್ದೆಲ್ಲಾ ಹೆಡರ್, ಲಕೋಟೆ ಮೇಲಿನ ಬರಹದ ಹಾಗೆ, ಅಂತ ಸರ್ವರ್ ತಿಳ್ಕೊಳ್ಳುತ್ತೆ, ಪಾಪ 3267ನ್ನೂ ಹಾಗೇ ಓದಿ ಇದೆಂಥ ವಿಳಾಸ ಅಂತ ವಾಪಸ್ ಕಳಿಸ್ತು. ಇದು ಅವನಿಗೆ ತಕ್ಷಣ ತಿಳೀತು, ಆದ್ರೆ ಅವನು ಕೇಳಿದ ಪ್ರಶ್ನೆ ಬೇರೆ: "ಸರ್, ನಾನು ಸ್ಕ್ರಿಪ್ಟ್ ಬರ್ದೇ ಇಲ್ವಲ್ಲ, ಸಿ ಪ್ರೋಗ್ರಾಂ ತಾನೇ ಬರ್ದಿದ್ದು?"

ಅವನು ಹೇಳಿದ್ದು ನ್ಯಾಯ, ಸ್ಕ್ರಿಪ್ಟ್ ಅಂದ್ರೆ ಸಾಮಾನ್ಯವಾಗಿ ಮೊದಲೇ ಕಂಪೈಲ್ ಮಾಡದೆ ಓಡಿಸೋದು. ಸಿಜಿಐಗೆ 2004ರಲ್ಲಿ ಬಂದ ಆರ್‌ಎಫ್‌ಸಿ 3875 ಅನ್ನೋ ದಾಖಲೆಯಲ್ಲೇ ಸರ್ವರ್ ಶುರು ಮಾಡೋ ಎಂಥ ಪ್ರೋಗ್ರಾಂ ಇದ್ರೂ ಅದನ್ನ ಸ್ಕ್ರಿಪ್ಟ್ ಅಂತಲೇ ಕರೆದಿದಾರೆ. ಇದಕ್ಕೆ ಕನ್ನಡ ಹಾಕೋಕೆ ಹೋದ್ರೆ ಮೊದಲು ಬರೋದು ‘ಲಿಪಿ’, ಅದನ್ನಂತೂ ಬಿಟ್ಟೇ ಬಿಡಿ. ನಾನು ಇಲ್ಲಿ ‘ಸಿಜಿಐ ಪ್ರೋಗ್ರಾಂ’ ಅಂತ ಹಾಕಿ, ಲಾಗ್‌ನಲ್ಲಿ ಸ್ಕ್ರಿಪ್ಟ್ ಅಂತ ಕಂಡ್ರೆ ಇದೇ ಅಂತ ಒಂದು ಸಾಲು ಬರೆದಿದೀನಿ. ಹೆಡರ್‌ಗೆ ‘ತಲೆಬರಹ’ ಹಾಕೋಕಾಗಲ್ಲ, ಅದು ಓದುಗರಿಗೆ ಕಾಣೋದು, ಇದು ಸರ್ವರ್‌ಗೂ ಬ್ರೌಸರ್‌ಗೂ ಮಾತ್ರ ಕಾಣೋದು. ‘ಲಕೋಟೆ ಸಾಲು’ ಅಂತ ಹಾಕಿದೀನಿ ಸದ್ಯಕ್ಕೆ.

ಆನ್ ಡಿಮ್ಯಾಂಡ್‌ಗೆ ‘ಬೇಡಿಕೆಯ ಮೇರೆಗೆ’ ಅಂತ ಎಲ್ಲ ಕಡೆ ಬಳಸ್ತಾರೆ. ಬೇಡಿಕೆ ಅಂದ್ರೆ ನಮಗೆ ರೈತರ ಬೇಡಿಕೆ, ನೌಕರರ ಬೇಡಿಕೆ, ಇಲ್ಲಾ ಮಾರುಕಟ್ಟೆಯ ಬೇಡಿಕೆ. ರೇಡಿಯೋದಲ್ಲಿ ‘ಕೋರಿಕೆ’ ಅಂತ ಹಾಡು ಹಾಕ್ತಿದ್ರಲ್ಲ, ಅದು ಇದಕ್ಕೆ ಸರಿಯಾಗಿ ಹೊಂದುತ್ತೆ, ಬ್ರೌಸರ್ ಕಳಿಸೋ ರಿಕ್ವೆಸ್ಟ್‌ಗೂ ಕೋರಿಕೆ ಅಂತಲೇ ಇಟ್ಕೊಂಡ್ರೆ ಎರಡೂ ಒಂದೇ ದಾರಕ್ಕೆ ಬರುತ್ತೆ. ಮಾತಲ್ಲಿ ‘ಕೇಳಿದಾಗ’ ಸಾಕು.

ಕೊನೇದು ‘ಪುಟದ ಒಳಗೆ’. ಇದನ್ನ ಎರಡು ದಿನ ಬಿಟ್ಟು ಓದಿದಾಗ ನಾನೇ ತಪ್ಪು ಬರೆದಿದೀನಿ ಅನ್ನಿಸ್ತು. ಸಿಜಿಐ ಪ್ರೋಗ್ರಾಂ ಪುಟದ ಒಳಗೆ ಓಡೋದೇ ಇಲ್ಲ, ಅದು ಓಡೋದು ಎಲ್ಲೋ ದೂರದ ಸರ್ವರ್‌ನಲ್ಲಿ, ಪುಟಕ್ಕೆ ಬಂದು ಬೀಳೋದು ಅದರ ಉತ್ತರ. ಪುಟದ ಒಳಗೇ ಓಡೋದು ಅಂದ್ರೆ ವೆಬ್‌ಅಸೆಂಬ್ಲಿ. 2017ರಲ್ಲಿ ನಾಲ್ಕು ದೊಡ್ಡ ಬ್ರೌಸರ್‌ಗಳಿಗೂ ಬಂತು, 2019ರ ಡಿಸೆಂಬರಿನಲ್ಲಿ ವೆಬ್‌ನ ಮಾನಕಗಳನ್ನ ಮಾಡೋ ಡಬ್ಲ್ಯು3ಸಿ ಸಂಸ್ಥೆ ಅದನ್ನ ಶಿಫಾರಸು ಅಂತ ಒಪ್ಪಿಕೊಳ್ತು. ಅದೇ ಗುಂಟೆ ಪ್ರೋಗ್ರಾಂನ ಎಮ್‌ಸ್ಕ್ರಿಪ್ಟನ್ ಅನ್ನೋ ಸಾಧನಕ್ಕೆ ಕೊಟ್ರೆ ವಾಸ್ಮ್ (ವೆಬ್‌ಅಸೆಂಬ್ಲಿಯ ಚಿಕ್ಕ ಹೆಸರು) ಫೈಲ್ ಸಿಗುತ್ತೆ, ಅದು ಓದೋನ ಮೊಬೈಲಿಗೇ ಇಳಿದು ಅಲ್ಲೇ ಬ್ರೌಸರ್ ಒಳಗೆ ಲೆಕ್ಕ ಮಾಡುತ್ತೆ, ಆಮೇಲೆ ನೆಟ್ ಹೋದ್ರೂ ಗುಂಟೆ ಲೆಕ್ಕ ಬರುತ್ತೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು ಬಳಸಿಬಿಡ್ತಾರೆ. ಕನ್ನಡದಲ್ಲಿ ಮೊದಲನೇದಕ್ಕೆ ‘ಪುಟದಿಂದ ಓಡಿಸು’, ಎರಡನೇದಕ್ಕೆ ‘ಪುಟದೊಳಗೇ ಓಡಿಸು’ ಅಂತ ವಿಭಕ್ತಿ ಒಂದರಲ್ಲೇ ವ್ಯತ್ಯಾಸ ತೋರಿಸಬಹುದು ಅಂತ ಅನ್ಕೊಂಡಿದೀನಿ, ಆದ್ರೆ ಈ ‘ಇಂದ’ ಓದುವಾಗ ಪುಟ ಸಾಧನ ಅಂತ ಕೇಳ್ಸುತ್ತಾ, ಹೊರಟ ಜಾಗ ಅಂತ ಕೇಳ್ಸುತ್ತಾ, ಇದನ್ನ ವ್ಯಾಕರಣ ಬಲ್ಲೋರು ಹೇಳ್ಬೇಕು. ವಾಸ್ಮ್ ಫೈಲನ್ನ ಬ್ರೌಸರ್ ಮತ್ತೆ ತನ್ನ ಯಂತ್ರದ ಭಾಷೆಗೆ ಕಂಪೈಲ್ ಮಾಡ್ಕೊಳ್ಳುತ್ತೆ, ಅಲ್ಲಿ ‘ಮಾಡಿಟ್ಟ’ ಪೂರ್ತಿ ನಿಲ್ಲಲ್ಲ, ‘ಅರ್ಧ ಮಾಡಿಟ್ಟ’ ಅನ್ನಬೇಕಾಗುತ್ತೇನೋ.

ಸದ್ಯಕ್ಕೆ ತಲೆಬರಹ ಹೀಗಿದೆ: ‘ಕಂಪೈಲ್ ಮಾಡಿಟ್ಟ ಸಿ ಪ್ರೋಗ್ರಾಂನ ಕೇಳಿದಾಗ ಪುಟದಿಂದ ಓಡಿಸೋದು’. ‘ಓಡಿಸು’ ಮೇಲೆ ನಂಗಿನ್ನೂ ನಂಬಿಕೆ ಬಂದಿಲ್ಲ. ಒಂದು ಸಲ ಮಾಡಿ ಮುಗಿದುಹೋಗೋ ಕೆಲಸಕ್ಕೆ ನಿಮ್ಮ ಊರಿನ ಮಿಲ್ಲಲ್ಲೋ, ಗಾಣದಲ್ಲೋ, ಮಗ್ಗದ ಮನೆಯಲ್ಲೋ ಯಂತ್ರದ ಬಗ್ಗೆ ಆಡೋ ಕ್ರಿಯಾಪದ ಬೇರೆ ಏನಾದ್ರೂ ಇದ್ರೆ ದಯವಿಟ್ಟು ಬರೀರಿ, ಅದು ಯಾವ ಕಡೆ ಮಾತು ಅಂತಲೂ ಸೇರಿಸಿ. ತಿಂಗಳ ಕೊನೆಗೆ ಹುಡುಗ್ರ ಕೈಗೆ ಕೊಡಬೇಕು ಇದನ್ನ.