ಆಳ ಸಮುದ್ರದ ಕಾಲ್ಪನಿಕ ಜೀವಿ: ಬೇರೆ ಬೇರೆ ಪ್ರಾಣಿಗಳನ್ನು ಅಂಟಿಸಿದ ಹಾಗೆ ಕಾಣುತ್ತಿದೆ, ಹೇಗೆ ಸರಿ ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಲಾ ಪ್ರಾಜೆಕ್ಟ್‌ಗಾಗಿ ಒಂದು ಕಾಲ್ಪನಿಕ ಸಮುದ್ರ ಜೀವಿಯನ್ನು ಬಿಡಿಸುತ್ತಿದ್ದೇನೆ. ವಾಟರ್ ಕಲರ್, ಎ3 ಹಾಳೆ. ಜೀವಿ ಇರುವುದು 3000 ಮೀಟರ್ ಆಳದಲ್ಲಿ. ಮೈತುಂಬ ಹುರುಪೆ, ಕಿವಿರು, ತಿಮಿಂಗಿಲದಂಥ ಅಗಲವಾದ ಬಾಲ, ಆಕ್ಟೋಪಸ್‌ನಂಥ ಎಂಟು ತೋಳು, ಬಾಯಿ ತುಂಬ ಸೂಜಿಯಂಥ ಹಲ್ಲು, ಹಣೆ ಮೇಲೆ ಹೊಳೆಯುವ ಗಾಳ. ಮೈಮೇಲೆ ಕಾಮನಬಿಲ್ಲಿನ ಎಲ್ಲ ಬಣ್ಣದ ದೀಪಗಳು.

ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿವೆ. ಒಟ್ಟಿಗೆ ನೋಡಿದರೆ ಕತ್ತರಿಸಿ ಅಂಟಿಸಿದ ಹಾಗಿದೆ. ನಾಲ್ಕು ಸಲ ಬಿಡಿಸಿದೆ. ಪ್ರತಿ ಸಲ ಏನೋ ಒಂದು ಸೇರಿಸಿದೆ, ಇನ್ನೂ ಕೆಟ್ಟಿತು. ದೀಪಗಳಂತೂ ಹೊಳೆಯುವುದೇ ಇಲ್ಲ, ಸ್ಟಿಕರ್ ಥರ ಕಾಣುತ್ತವೆ. ದಯವಿಟ್ಟು ದಾರಿ ತೋರಿಸಿ.

ಉತ್ತರ 1

ಚಿತ್ರ ನೋಡಿದೆ. ಕೈ ಚೆನ್ನಾಗಿದೆ, ಹಲ್ಲುಗಳ ಕೆಲಸ ನಿಜವಾಗಿ ಇಷ್ಟವಾಯಿತು. ಒಂದೇ ಪ್ರಶ್ನೆ: ಇದು ಏನನ್ನು ತಿನ್ನುತ್ತದೆ, ಅದನ್ನು ಹೇಗೆ ಹಿಡಿಯುತ್ತದೆ?

ಪ್ರಶ್ನೆ ಕೇಳಿದವರು

ಅದನ್ನು ಯೋಚಿಸಿಯೇ ಇರಲಿಲ್ಲ. ಮೀನು ತಿನ್ನುತ್ತದೆ ಅಂದುಕೊಳ್ಳಿ. ಗಾಳ ಆಡಿಸಿ ಹತ್ತಿರ ಕರೆಯುತ್ತದೆ. ಬೇಕಾದರೆ ಅಟ್ಟಿಸಿಕೊಂಡೂ ಹೋಗುತ್ತದೆ.

ಉತ್ತರ 1

ಗಂಟು ಇರುವುದು ಇಲ್ಲೇ. ಗಾಳ ಇಟ್ಟುಕೊಂಡದ್ದು ಕಾಯುವ ಪ್ರಾಣಿ. ದೊಡ್ಡ ಬಾಲ ಇರುವುದು ಓಡಿಸಿ ಹಿಡಿಯುವ ಪ್ರಾಣಿ. ಎರಡನ್ನೂ ಒಂದೇ ಮೈಗೆ ಹಾಕಿದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ.

ಹಣೆ ಮೇಲೆ ಇಂಥದ್ದೇ ಗಾಳ ಇರುವ ಆಳ ಸಮುದ್ರದ ಆಂಗ್ಲರ್ ಮೀನನ್ನು ಗಮನಿಸಿ. ಅಲ್ಲಿ ಊಟ ಸಿಗುವುದೇ ಅಪರೂಪ. ಅದಕ್ಕೇ ಅದು ಸುಮ್ನೆ ಈಜಿ ಶಕ್ತಿ ಕಳೆಯುವುದಿಲ್ಲ. ಮೈ ಉಂಡೆಯಂತೆ, ಈಜುರೆಕ್ಕೆ ಚಿಕ್ಕವು, ಬಾಯಿ ಮಾತ್ರ ಭಾರೀ ದೊಡ್ಡದು. ಗಾಳದ ತುದಿ ಹೊಳೆಯುವುದು ಅದರೊಳಗೆ ಬದುಕುವ ಬ್ಯಾಕ್ಟೀರಿಯಾಗಳಿಂದ. ಈ ಗಾಳ ಇರುವುದು ಹೆಣ್ಣಿಗೆ ಮಾತ್ರ. ಹಾಗಾಗಿ ನಿಮ್ಮ ಜೀವಿಯೂ ಹೆಣ್ಣು ಅಂತ ಇಟ್ಟುಕೊಳ್ಳಬಹುದು, ಅದಕ್ಕೊಂದು ಕಥೆ ಸಿಗುತ್ತದೆ.

ಬಾಲದಲ್ಲಿ ಇನ್ನೊಂದು ತೊಡಕು ಇದೆ. ತಿಮಿಂಗಿಲದ ಬಾಲ ಅಡ್ಡಲಾಗಿ ಹರಡಿರುತ್ತದೆ, ಮೇಲೆ ಕೆಳಗೆ ಬಡಿಯುತ್ತದೆ. ಯಾಕಂದರೆ ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿದವರು. ಓಡುವಾಗ ಬೆನ್ನು ಮೇಲೆ ಕೆಳಗೆ ಬಾಗುತ್ತದಲ್ಲ, ನೀರಿಗೆ ಮರಳಿದ ಮೇಲೂ ಅದೇ ಚಲನೆ ಉಳಿಯಿತು. ಮೀನಿನ ಬೆನ್ನು ಎಡಕ್ಕೆ ಬಲಕ್ಕೆ ಬಾಗುತ್ತದೆ, ಬಾಲ ನೆಟ್ಟಗೆ ನಿಂತಿರುತ್ತದೆ. ಕಿವಿರು, ಹುರುಪೆ ಇರುವ ಮೈಗೆ ತಿಮಿಂಗಿಲದ ಬಾಲ ಹಾಕಿದಾಗ ಎರಡು ವಂಶಗಳು ಒಂದೇ ಬೆನ್ನುಮೂಳೆಗಾಗಿ ಜಗಳ ಆಡುತ್ತವೆ. ಕಾಲ್ಪನಿಕ ಜೀವಿಯಲ್ಲಿ ಇದನ್ನು ಮಾಡಲೇಬಾರದು ಅಂತಲ್ಲ. ಆದರೆ ಮಾಡಿದರೆ ಬೆನ್ನು ಕೂಡ ಹಾಗೇ ಬಾಗುವಂತೆ ತೋರಿಸಬೇಕು. ನಿಮ್ಮ ಚಿತ್ರದಲ್ಲಿ ಮೈ ಹಾವಿನ ಹಾಗೆ ಪಕ್ಕಕ್ಕೆ ಹೊರಳಿದೆ, ಬಾಲ ಮಾತ್ರ ಅಡ್ಡ.

ನನ್ನ ಸಲಹೆ: ಕಾಯುವ ಪ್ರಾಣಿಯನ್ನೇ ಆರಿಸಿ. ಗಾಳ, ಹಲ್ಲು ಇರಲಿ. ಬಾಲ ಸಣ್ಣದು ಮಾಡಿ. ಎಂಟು ತೋಳು ಬೇಕೇ ಅಂದರೆ ಅವಕ್ಕೊಂದು ಕೆಲಸ ಕೊಡಿ. ಟ್ರೈಪಾಡ್ ಮೀನು ಉದ್ದನೆಯ ಮೂರು ಈಜುರೆಕ್ಕೆಗಳನ್ನು ಊರಿ ಸಮುದ್ರದ ತಳದಲ್ಲಿ ನಿಂತು ಕಾಯುತ್ತದೆ. ನಿಮ್ಮ ಜೀವಿ ತೋಳುಗಳನ್ನು ಹಾಗೆ ಊರಿ ನಿಂತರೆ ಎಷ್ಟು ಚೆನ್ನಾಗಿರುತ್ತದೆ, ಅಲ್ವಾ?

ಉತ್ತರ 2

ಬಣ್ಣದ ಬಗ್ಗೆ ನಾನು ಹೇಳುತ್ತೇನೆ. 1000 ಮೀಟರ್ ದಾಟಿದ ಮೇಲೆ ಬಿಸಿಲು ತಲುಪುವುದೇ ಇಲ್ಲ. ಅಲ್ಲಿನ ಬೆಳಕೆಲ್ಲ ಜೀವಿಗಳದೇ, ಹೆಚ್ಚಿನದು ನೀಲಿ. ನೀರಿನಲ್ಲಿ ನೀಲಿ ಬೆಳಕು ದೂರ ಹೋಗುತ್ತದೆ, ಕೆಂಪು ಬೇಗ ಸತ್ತುಹೋಗುತ್ತದೆ. ಅದಕ್ಕೇ ಅಲ್ಲಿ ಕಡುಗೆಂಪು ಸೀಗಡಿಗಳು ಇವೆ. ಆ ಕತ್ತಲೆಯಲ್ಲಿ ಕೆಂಪು ಅಂದರೆ ಕಪ್ಪೇ. ಮೈಗೆ ಕಡುಗೆಂಪು ಅಥವಾ ಕಪ್ಪು ಕೊಡಿ, ದೀಪಕ್ಕೆ ನೀಲಿ ಕೊಡಿ. ಕಾಮನಬಿಲ್ಲು ಬಿಡಿ. ಒಂದು ವಿಶೇಷ ಬೇಕಾದರೆ ಕಣ್ಣಿನ ಕೆಳಗೆ ಒಂದೇ ಒಂದು ಕೆಂಪು ದೀಪ ಇಡಿ. ಲೂಸ್‌ಜಾ ಅನ್ನುವ ಡ್ರ್ಯಾಗನ್ ಮೀನಿಗೆ ನಿಜಕ್ಕೂ ಅಂಥದ್ದು ಇದೆ. ಅಲ್ಲಿನ ಹೆಚ್ಚಿನ ಪ್ರಾಣಿಗಳ ಕಣ್ಣಿಗೆ ಕೆಂಪು ಕಾಣದು. ಹಾಗಾಗಿ ಅದು ಕದ್ದು ನೋಡಬಲ್ಲದು.

ಹೊಳಪು ಬರದೇ ಇರುವುದಕ್ಕೆ ಕಾರಣ ದೀಪವಲ್ಲ, ಸುತ್ತಲಿನ ಜಾಗ. ನೀವು ದೀಪಕ್ಕೆ ಗಾಢ ಬಣ್ಣ ತುಂಬಿದ್ದೀರಿ, ಹಿನ್ನೆಲೆ ತೆಳುವಾಗಿ ಬಿಟ್ಟಿದ್ದೀರಿ. ಉಲ್ಟಾ ಮಾಡಿ. ದೀಪದ ನಡುವನ್ನು ಮಾಸ್ಕಿಂಗ್ ಫ್ಲೂಯಿಡ್ (ಹಾಳೆಗೆ ಬಣ್ಣ ತಾಗದಂತೆ ತಡೆಯುವ, ಆಮೇಲೆ ಕಿತ್ತು ತೆಗೆಯುವ ದ್ರವ) ಹಚ್ಚಿ ಬಿಳಿ ಹಾಳೆಯಾಗಿಯೇ ಉಳಿಸಿ. ಸುತ್ತ ನೀರು ಹಚ್ಚಿ, ಹಸಿಯಾಗಿರುವಾಗಲೇ ತೆಳು ನೀಲಿ ಬಿಡಿ, ಅಂಚು ತಾನಾಗಿ ಕರಗಲಿ. ಪೂರ್ತಿ ಒಣಗಿದ ಮೇಲೆ ಹೊರಗಡೆಯಿಂದ ಕತ್ತಲೆಯನ್ನು ಪದರ ಪದರವಾಗಿ ತನ್ನಿ. ಟ್ಯೂಬಿನ ಕಪ್ಪಿಗಿಂತ ಇಂಡಿಗೋ (ಕಡುನೀಲಿ) ಜೊತೆ ಬರ್ನ್ಟ್ ಅಂಬರ್ (ಗಾಢ ಕಂದು) ಬೆರೆಸಿದ ಕತ್ತಲೆ ಆಳವಾಗಿ ಕಾಣುತ್ತದೆ. ಕೊನೆಗೆ ದೀಪದ ಕಡೆಗಿರುವ ಹಲ್ಲುಗಳ ಅಂಚಿಗೆ ಒಂದು ಎಳೆ ನೀಲಿ ಹಚ್ಚಿ. ಆ ಬೆಳಕು ಇನ್ನೊಂದರ ಮೇಲೆ ಬಿದ್ದಾಗಲೇ ದೀಪ ಹೊತ್ತಿದ್ದು ನಂಬಿಕೆಯಾಗುವುದು.

ಪ್ರಶ್ನೆ ಕೇಳಿದವರು

ಹೊಸ ಹಾಳೆಯಲ್ಲಿ ಮಾಡಿದೆ. ಬಾಲ ಚಿಕ್ಕದಾಯಿತು, ತೋಳು ಊರಿ ನಿಂತಿದೆ, ದೀಪ ಒಂದೇ. ಮೊದಲ ಸಲ ಅದು ಒಂದೇ ಪ್ರಾಣಿಯಂತೆ ಕಾಣುತ್ತಿದೆ! ಎಂಟು ತೋಳು ಜಾಸ್ತಿ ಅನಿಸಿ ಐದು ಮಾಡಿದೆ. ಒಂದು ಅನುಮಾನ ಉಳಿದಿದೆ: ಹುರುಪೆ ಇರಲೋ ಬೇಡವೋ?

ಉತ್ತರ 1

ತೆಗೆದುಬಿಡಿ. ಆಂಗ್ಲರ್ ಮೀನಿಗೂ ಹುರುಪೆ ಇರುವುದಿಲ್ಲ, ಬರಿಯ ಮೆತ್ತನೆಯ ಚರ್ಮ. ಹುರುಪೆಯ ಗೆರೆಗಳು ಹೋದರೆ ಕಣ್ಣು ನೇರವಾಗಿ ಹಲ್ಲಿಗೆ ಹೋಗುತ್ತದೆ. ಐದು ತೋಳು ಒಳ್ಳೆಯ ತೀರ್ಮಾನ. ಮುಗಿದ ಮೇಲೆ ಇಲ್ಲೇ ಹಾಕಿ, ನೋಡಬೇಕು.