ಸ್ಪ್ರಿಂಗ್ ಬ್ರೇಕ್‌ಗೆ ಯೆಲ್ಲೊಸ್ಟೋನಾ, ಕ್ಯಾನ್‌ಕೂನಾ, ಇಲ್ಲೇ ಉಳಿದು ಕೆಲಸವಾ?

ಪ್ರಶ್ನೆ
ನಾವು ನಾಲ್ವರು ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುತ್ತಿದ್ದೇವೆ, ವಯಸ್ಸು 22–23. ಮಾರ್ಚ್ ಎರಡನೇ ವಾರ ರಜೆ. ಹಿಂದುಮುಂದಿನ ಶನಿವಾರ, ಭಾನುವಾರ ಸೇರಿದರೆ ಒಂಬತ್ತು ದಿನ. ಇಬ್ಬರಿಗೆ ಕಾರಿನಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ನೋಡುವ ಆಸೆ, ಒಬ್ಬರಿಗೆ ಮೆಕ್ಸಿಕೊದ ಕ್ಯಾನ್‌ಕೂನ್. ಇನ್ನೊಬ್ಬರು ಕ್ಯಾಂಪಸ್‌ನಲ್ಲೇ ಕೆಲಸ ಮಾಡೋಣ ಅಂತಾರೆ. ಏನನ್ನು ನೋಡಿ ತೀರ್ಮಾನಿಸಬೇಕು?

ಘಟ್ಟದಾರಿ
ಯೆಲ್ಲೊಸ್ಟೋನ್ ಈಗಲೇ ಕೈಬಿಡಿ. ಮಾರ್ಚ್‌ನಲ್ಲಿ ಗಾರ್ಡಿನರ್–ಕುಕ್ ಸಿಟಿ ರಸ್ತೆ ಬಿಟ್ಟರೆ ಒಳಗಿನ ಬಹುತೇಕ ರಸ್ತೆಗಳಲ್ಲಿ ಕಾರು ಬಿಡುವುದಿಲ್ಲ. ಓಲ್ಡ್ ಫೇತ್‌ಫುಲ್ ಬಿಸಿನೀರ ಚಿಲುಮೆಯ ದಾರಿ ತೆರೆಯುವುದು ಏಪ್ರಿಲ್ ಮೂರನೇ ವಾರದ ಹೊತ್ತಿಗೆ.

ಮಾರ್ಚ್‌ಗೆ ಹೇಳಿಮಾಡಿಸಿದ್ದು ನೈಋತ್ಯದ ಮರುಭೂಮಿ. ಲಾಸ್ ವೇಗಸ್‌ನಲ್ಲಿ ಇಳಿದು ಯೂಟಾದ ಜಾಯನ್ ಉದ್ಯಾನ (ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ), ಅಲ್ಲಿಂದ ಅರಿಜೋನಾದ ಪೇಜ್ ಊರು, ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ದಕ್ಷಿಣ ಅಂಚಾದ ಸೌತ್ ರಿಮ್, ಮತ್ತೆ ವೇಗಸ್. ಆರು ದಿನ ಸಾಕು. ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿಂದ ಕಮರಿಗೆ ಇಳಿಯುವ ಬ್ರೈಟ್ ಏಂಜೆಲ್ ಹಾದಿಯ ಮೇಲ್ಭಾಗ ನೆರಳಿನಲ್ಲಿರುವುದರಿಂದ ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನಂತಾಗಿರುತ್ತದೆ. ಬೂಟಿಗೆ ಮೈಕ್ರೋಸ್ಪೈಕ್ (ಜಾರದಂತೆ ಹಾಕುವ ಲೋಹದ ಮುಳ್ಳುಪಟ್ಟಿ) ಇಲ್ಲದೆ ಇಳಿಯಲೇಬೇಡಿ. ಜಾಯನ್‌ನ ಏಂಜಲ್ಸ್ ಲ್ಯಾಂಡಿಂಗ್ ಬಂಡೆ ಹತ್ತಲು ಪರ್ಮಿಟ್ ಬೇಕು, ಅದು ಲಾಟರಿಯಲ್ಲಿ ಸಿಗುತ್ತದೆ. ಮುಂಚಿನ ಲಾಟರಿ ತಪ್ಪಿದ್ದರೆ ಹಿಂದಿನ ದಿನದ ಲಾಟರಿಗೆ ಮಧ್ಯಾಹ್ನ 3ರೊಳಗೆ ಅರ್ಜಿ ಹಾಕಿ.

ಇನ್ನೊಂದು ಎಡವಟ್ಟು ಗಡಿಯಾರದ್ದು. ಮಾರ್ಚ್ ಎರಡನೇ ಭಾನುವಾರ ಯೂಟಾ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅರಿಜೋನಾ ಹೋಗುವುದಿಲ್ಲ. ಅರಿಜೋನಾದೊಳಗೂ ಹರಡಿರುವ ಮೂಲನಿವಾಸಿಗಳ ನಾಡು ನವಾಹೊ ನೇಷನ್ ಮುಂದಕ್ಕೆ ಹೋಗುತ್ತದೆ. ಆದರೂ ಪೇಜ್ ಪಕ್ಕದಲ್ಲಿ ಅದರೊಳಗೇ ಇರುವ ಆಂಟೆಲೋಪ್ ಕ್ಯಾನ್ಯನ್ ಎಂಬ ಕಿರುಕಮರಿಯ ಟೂರ್‌ಗಳು ಅರಿಜೋನಾ ಸಮಯಕ್ಕೇ ನಡೆಯುತ್ತವೆ. ಫೋನ್ ಟವರ್‌ನಿಂದ ಟವರ್‌ಗೆ ಸಮಯ ಬದಲಿಸುತ್ತಿರುತ್ತದೆ. ಅದನ್ನು ನಂಬಿದರೆ ಬುಕ್ ಮಾಡಿದ ಟೂರ್ ತಪ್ಪಬಹುದು. ಕೈಗಡಿಯಾರವನ್ನು ಅರಿಜೋನಾ ಸಮಯಕ್ಕೆ ಇಟ್ಟುಕೊಳ್ಳಿ.

ನಾಲ್ಕುಚಕ್ರ
25 ತುಂಬದವರಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ದಿನಕ್ಕಿಷ್ಟು ಎಂದು ಹೆಚ್ಚುವರಿ ಹಾಕುತ್ತವೆ, ಅದೂ ಪ್ರತಿ ಡ್ರೈವರ್‌ಗೆ. ಹಾಗಾಗಿ ನಾಲ್ವರ ಹೆಸರೂ ಬೇಡ, ಇಬ್ಬರದು ಸಾಕು. ಆದರೆ ಹೆಸರಿಲ್ಲದವರು ಸ್ಟೀರಿಂಗ್ ಮುಟ್ಟಬಾರದು. ಆಗ ಅಪಘಾತವಾದರೆ ವಿಮೆ ಕೈಕೊಡುತ್ತದೆ. ಬುಕ್ ಮಾಡಿದವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ. ಕಾರ್ಡಿನ ಜೊತೆ ಬರುವ ವಿಮೆ ಬಾಡಿಗೆ ಕಾರಿನ ಹಾನಿಗೆ ಮಾತ್ರ, ಎದುರಿನವರ ಗಾಯಕ್ಕೋ ಕಾರಿಗೋ ಅಲ್ಲ. ನಿಮಗೆ ಸ್ವಂತ ಕಾರಿನ ಪಾಲಿಸಿ ಇರಲಿಕ್ಕಿಲ್ಲ, ಆದ್ದರಿಂದ ಕೌಂಟರ್‌ನಲ್ಲಿ ಲಯಬಿಲಿಟಿ ವಿಮೆ ತೆಗೆದುಕೊಳ್ಳಿ. ಮಣ್ಣುರಸ್ತೆಗೆ ಇಳಿಸುವ ಮುನ್ನ ಕರಾರು ಓದಿ.

ಪ್ರಶ್ನೆ ಕೇಳಿದವರು
ಕ್ಯಾನ್‌ಕೂನ್ ಮತ್ತು ಕ್ಯಾಂಪಸ್ ಕೆಲಸದ ಬಗ್ಗೆ?

ಕಡತ
ಅಮೆರಿಕದ ವೀಸಾ ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿದ್ದರೆ ಭಾರತದ ಪಾಸ್‌ಪೋರ್ಟ್‌ಗೆ ಮೆಕ್ಸಿಕೊ ವೀಸಾ ಬೇರೆ ಬೇಡ. ಮರಳಿ ಅಮೆರಿಕಕ್ಕೆ ಬರಲು ಐ-20 (ಕಾಲೇಜು ಕೊಡುವ ವಿದ್ಯಾರ್ಥಿ ದಾಖಲೆ) ಮೇಲಿನ ಪ್ರಯಾಣದ ಸಹಿ ಒಂದು ವರ್ಷದೊಳಗಿನದಾಗಿರಬೇಕು. ರಜೆಗೆ ಮುಂಚಿನ ವಾರ ಅಂತರರಾಷ್ಟ್ರೀಯ ಕಚೇರಿಯಲ್ಲಿ ನೂಕುನುಗ್ಗಲು, ಈಗಲೇ ಹಾಕಿಸಿಕೊಳ್ಳಿ. ಸಮುದ್ರವೇ ಬೇಕು, ಸ್ಟಾಂಪ್ ಮುಗಿದಿದೆ ಅನ್ನುವವರು ಪೋರ್ಟೊ ರಿಕೊ ನೋಡಿ. ಅದು ಅಮೆರಿಕದ್ದೇ ಭಾಗ. ಆದರೂ ಪಾಸ್‌ಪೋರ್ಟ್, ಐ-20 ಜೊತೆಗಿರಲಿ.

ಕ್ಯಾಂಪಸ್ ಕೆಲಸಕ್ಕೆ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಅಧಿಕೃತ ರಜೆಯಲ್ಲಿ ಪೂರ್ಣಾವಧಿಗೆ ಅವಕಾಶವಿದೆ. ಆದರೆ ನಿಮ್ಮ ಕಾಲೇಜು ಸ್ಪ್ರಿಂಗ್ ಬ್ರೇಕ್ ಅನ್ನು ಹಾಗೆ ಪರಿಗಣಿಸುತ್ತದೆಯೇ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಕಾಲೇಜಿನ ಅಧಿಕಾರಿ) ಹತ್ತಿರ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಸಂಬಳದ ವಾರ ಭಾನುವಾರ ಶುರುವಾಗುವ ಕಡೆ, ರಜೆಯ ಕೊನೆಯ ಭಾನುವಾರದ ಗಂಟೆಗಳು ತರಗತಿ ಇರುವ ವಾರದ ಲೆಕ್ಕಕ್ಕೆ ಸೇರಿ 20 ದಾಟಿಬಿಡಬಹುದು. ಕ್ಯಾಂಪಸ್ ಹೊರಗಿನ ಸಂಬಳದ ಕೆಲಸ ಅನುಮತಿಯಿಲ್ಲದೆ ರಜೆಯಲ್ಲೂ ಕೂಡದು.

ಘಟ್ಟದಾರಿ
ದುಡ್ಡು ಉಳಿಸಬೇಕು ಅನ್ನುವವರಿಗೆ ಆಲ್ಟರ್ನೇಟಿವ್ ಬ್ರೇಕ್ ಕೂಡ ಇದೆ. ಕಾಲೇಜಿನ ತಂಡದ ಜೊತೆ ಮನೆ ಕಟ್ಟುವುದು, ಪಾರ್ಕ್ ಹಾದಿ ದುರಸ್ತಿ ಮಾಡುವುದು ಹೀಗೆ. ಸಾಮಾನ್ಯವಾಗಿ ವಸತಿ, ಪ್ರಯಾಣ ಒಂದೇ ಶುಲ್ಕದಲ್ಲಿ ಬರುತ್ತವೆ. ಶುಲ್ಕದಲ್ಲಿ ನೆರವೂ ಕೇಳಬಹುದು. ಎಷ್ಟೋ ಕಡೆ ಅರ್ಜಿ ಹಿಂದಿನ ಸೆಮಿಸ್ಟರ್‌ನಲ್ಲೇ ಮುಗಿದಿರುತ್ತದೆ. ಈ ಸಲಕ್ಕೆ ವೇಟಿಂಗ್ ಲಿಸ್ಟ್ ವಿಚಾರಿಸಿ.