ಬಂದ್ ಮಾಡೋದು ಕಂಪನಿ, ಇಎಲ್ ಹೋಗೋದು ನಮ್ಮದಾ?

ಹುಮನಾಬಾದ್ ಆಪರೇಟರ್:

ಹುಮನಾಬಾದ್ ಕೈಗಾರಿಕಾ ಪ್ರದೇಶದ ಒಂದು ಔಷಧ ಫ್ಯಾಕ್ಟರಿಯಲ್ಲಿದ್ದೇನೆ. ಕಂಪನಿ ರೋಲ್‌ನಲ್ಲೇ ಇದ್ದೇನೆ, ಕಂಟ್ರಾಕ್ಟ್ ಅಲ್ಲ. ಡಿಸೆಂಬರ್ 24ರಿಂದ 31ರವರೆಗೆ ಪ್ಲಾಂಟ್ ಬಂದ್ ಅಂತ ನೋಟಿಸ್ ಹಚ್ಚಿದ್ದಾರೆ. ಎಂಟೂ ದಿನ ನಮ್ಮ ಇಎಲ್‌ನಲ್ಲಿ (ದುಡಿದು ಗಳಿಸಿದ ಸಂಬಳದ ರಜೆ) ಕಡಿಯುತ್ತಾರಂತೆ. ಇಎಲ್ ಇಲ್ಲದವರಿಗೆ ಸಂಬಳ ಕಟ್. ಫೆಬ್ರವರಿಯಲ್ಲಿ ತಂಗಿ ಮದುವೆ. ಅದಕ್ಕಂತಲೇ ರಜೆ ಉಳಿಸಿಕೊಂಡು ಕೂತಿದ್ದೆ. ಎಳ್ಳಮಾವಾಸ್ಯೆಗಾದರೂ ಬಂದ್ ಮಾಡಿದ್ದರೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ತಿಂದು ಬರಬಹುದಿತ್ತು. ಅವತ್ತು ಮಾತ್ರ ಡ್ಯೂಟಿ! ನಮ್ಮನ್ನು ಕೇಳದೆ ನಮ್ಮ ರಜೆ ಹೀಗೆ ಮುರಿದುಕೊಳ್ಳಬಹುದಾ?

ಸೇಡಂ ಟೈಮ್ ಆಫೀಸ್ (ನಿವೃತ್ತ):

ತಮ್ಮಾ, ಮೊದಲು ಆ ಎಂಟರ ಲೆಕ್ಕವೇ ತಪ್ಪು. ಅದರೊಳಗೆ ನಿನ್ನ ವಾರದ ರಜೆ ಒಂದು ಬಂದೇ ಬರುತ್ತದೆ. ಕ್ರಿಸ್‌ಮಸ್ ನಿಮ್ಮ ವರ್ಷದ ಹಬ್ಬದ ರಜೆ ಪಟ್ಟಿಯಲ್ಲಿದ್ದರೆ ಅದೂ ಬಿಟ್ಟುಹೋಗುತ್ತದೆ. 1948ರ ಫ್ಯಾಕ್ಟರಿ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು: ಸಂಬಳದ ರಜೆಯ ನಡುವೆ ಬಂದರೂ, ಹಿಂದೆಮುಂದೆ ಬಂದರೂ, ಹಾಲಿಡೇಯನ್ನು ಆ ರಜೆಯಲ್ಲಿ ಎಣಿಸುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ ಇದೆ. ಎಚ್‌ಆರ್‌ನವರು ಸಾಫ್ಟ್‌ವೇರ್‌ನಲ್ಲಿ ಎರಡು ತಾರೀಕು ಹಾಕಿ ಸುಮ್ನೆ ಗುಂಡಿ ಒತ್ತುತ್ತಾರೆ. ಸಾಮಾನ್ಯವಾಗಿ ತಪ್ಪಾಗುವುದೇ ಅಲ್ಲಿ.

ಇನ್ನು ಕೇಳದೆ ಮುರಿಯುವ ಮಾತು. ಇಎಲ್ ಅಂದರೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ. ನೀನು ಗಳಿಸಿದ್ದು, ಅವರು ಕೊಟ್ಟ ಬಕ್ಷೀಸು ಅಲ್ಲ. ಕೆಲಸ ನಿಲ್ಲಬಾರದು ಅಂತ ರಜೆಗೆ ಒಂದು ಸ್ಕೀಮ್ ಮಾಡಿಕೊಳ್ಳಲು ಹಳೆ ಕಾಯ್ದೆಯಲ್ಲಿ ದಾರಿ ಇತ್ತು. ಆದರೆ ಅದಕ್ಕೆ ವರ್ಕ್ಸ್ ಕಮಿಟಿ (ಮ್ಯಾನೇಜ್‌ಮೆಂಟ್ ಮತ್ತು ಕಾರ್ಮಿಕರ ಜಂಟಿ ಸಮಿತಿ) ಅಥವಾ ಕಾರ್ಮಿಕರ ಪ್ರತಿನಿಧಿಗಳ ಒಪ್ಪಿಗೆ ಬೇಕಿತ್ತು, ಸರ್ಕಾರದ ಫ್ಯಾಕ್ಟರಿ ಚೀಫ್ ಇನ್‌ಸ್ಪೆಕ್ಟರ್‌ಗೂ ಕೊಡಬೇಕಿತ್ತು. ಬರೀ ಮ್ಯಾನೇಜರ್ ಸಹಿಯ ನೋಟಿಸ್‌ಗೆ ಅಷ್ಟು ಬಲ ಇರಲಿಲ್ಲ. ನಿಮ್ಮಲ್ಲಿ ಕಮಿಟಿ ಇದೆಯಾ? ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ, ಅಂದರೆ ಕಂಪನಿಯ ಕೆಲಸದ ನಿಯಮಗಳಲ್ಲಿ, ಏನಿದೆ? ನೇಮಕದ ಪತ್ರದಲ್ಲಿ ‘ಷಟ್‌ಡೌನ್‌ನಲ್ಲಿ ಇಎಲ್ ಹಿಡಿಯಲಾಗುವುದು’ ಅನ್ನೋ ಸಾಲು ಇದ್ದರೆ ವಾದ ಸ್ವಲ್ಪ ಕಷ್ಟ. ತೆಗೆದು ಓದು.

ಕಡೇಚೂರು ಹುಡುಗ:

ನಮ್ಮ ಕಂಪನಿಯಲ್ಲಿ ಬಂದ್ ದಿನಗಳಲ್ಲಿ ಅರ್ಧ ಕಂಪನಿ ಖಾತೆಗೆ, ಅರ್ಧ ನಮ್ಮ ಇಎಲ್‌ಗೆ. ಹೊಸಬರಿಗೆ ಮುಂದಿನ ವರ್ಷದ ಇಎಲ್ ಅಡ್ವಾನ್ಸ್ ಕೊಡುತ್ತಾರೆ. ಯೂನಿಯನ್ ಏನೂ ಇಲ್ಲ ಅಣ್ಣಾ. ಶಿಫ್ಟಿನವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿ ಕೊಟ್ಟಿದ್ದೆವು, ಅಷ್ಟೇ. ಒಬ್ಬನೇ ಎಚ್‌ಆರ್ ರೂಮಿಗೆ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ.

ಹುಮನಾಬಾದ್ ಆಪರೇಟರ್:

ಪತ್ರದಲ್ಲಿ ಅಂಥ ಸಾಲು ಇಲ್ಲ. ಕಮಿಟಿ ಅಂತ ಹೆಸರೇ ಕೇಳಿಲ್ಲ. ಲೇಆಫ್ (ಕೆಲಸ ಕೊಡಲಾಗದೆ ಸ್ವಲ್ಪ ದಿನ ಕೂರಿಸುವುದು) ಅಂತ ಹೇಳಿ ಅರ್ಧ ಸಂಬಳ ಕೇಳಬಹುದು ಅಂತ ಒಬ್ಬ ಹೇಳಿದ, ನಿಜಾನಾ ಕಾಕಾ?

ಸೇಡಂ ಟೈಮ್ ಆಫೀಸ್ (ನಿವೃತ್ತ):

ಅದನ್ನು ನಂಬಿ ಕೂರಬೇಡ. ಲೇಆಫ್‌ಗೆ ಕರೆಂಟು, ಕಚ್ಚಾ ಮಾಲು, ಮಷಿನ್ ಕೆಟ್ಟದ್ದು, ಸರಕು ಗುಡ್ಡೆ ಬಿದ್ದದ್ದು, ಇಂಥ ಕಾರಣ ಬೇಕು. ಅದಿದ್ದರೆ, ಸೀಸನ್ ಕಾರ್ಖಾನೆ ಅಲ್ಲದ, ಐವತ್ತಕ್ಕೆ ಕಡಿಮೆ ಇಲ್ಲದ ಕಾರ್ಮಿಕರಿರುವ ಕಡೆ, ವರ್ಷ ತುಂಬಿದವರಿಗೆ ಬೇಸಿಕ್ ಮತ್ತು ಡಿಎಯ ಅರ್ಧ ಸಿಗುತ್ತದೆ. ವರ್ಷದ ಕೊನೆಗೆ ಮೊದಲೇ ಗೊತ್ತು ಮಾಡಿದ ಬಂದ್ ಅದರಲ್ಲಿ ಸೇರುತ್ತದೆ ಅಂತ ಸಾಧಿಸುವುದು ಸುಲಭವಲ್ಲ. ಇಎಲ್ ಇಲ್ಲದ ಹುಡುಗರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಅವರಿಗೆ ಅಡ್ವಾನ್ಸ್ ಇಎಲ್ ಕೇಳಿ. ಇಷ್ಟು ದಿನ ಇಎಲ್‌ಗೆ ವರ್ಷಕ್ಕೆ 240 ದಿನ ಹಾಜರಿ ಬೇಕಿತ್ತು. ಹೊಸ ಸಂಹಿತೆಯಲ್ಲಿ 180 ಸಾಕು. ಹಾಗಾಗಿ ‘ಇವರಿಗೆ ಇಎಲ್ ಇಲ್ಲ’ ಅಂತ ಹಾಕಿರುವ ಪಟ್ಟಿಯನ್ನೂ ಒಮ್ಮೆ ತಿರುಗಿ ನೋಡಿಸಿ.

ನೀನು ಮಾತ್ರ ಒಂದು ಕೆಲಸ ಈ ವಾರವೇ ಮಾಡು. ತಂಗಿ ಮದುವೆಯ ರಜೆಗೆ ಈಗಲೇ ಅರ್ಜಿ ಬರೆದು ಕೊಡು. ಬಾಯಿಮಾತು ಬೇಡ, ವಾಟ್ಸಾಪೂ ಬೇಡ. ಕಾಗದದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ‘ತಲುಪಿದೆ’ ಅಂತ ಸೀಲು, ಸಹಿ ತೆಗೆದುಕೋ. ರಜೆ ಮುಂದಕ್ಕೆ ಒಯ್ಯಲು 30 ದಿನದ ಮಿತಿ ಇದೆ. ಆದರೆ ಕೇಳಿಯೂ ಕೊಡದ ರಜೆಗೆ ಆ ಮಿತಿ ಇಲ್ಲ, ಹಾಗಾಗಿ ಆ ಸೀಲಿಗೆ ಬೆಲೆ ಇದೆ. ಡಿಸೆಂಬರ್ ಪೇ ಸ್ಲಿಪ್‌ನಲ್ಲಿ ಭಾನುವಾರವೂ ಇಎಲ್ ಅಂತ ಹಿಡಿದಿದ್ದರೆ ಅದನ್ನೂ ಅರ್ಜಿಯನ್ನೂ ಹಿಡಿದು ಬೀದರಿನ ಕಾರ್ಮಿಕ ಇಲಾಖೆ ಕಚೇರಿಗೆ ಹೋಗು.

ಹುಮನಾಬಾದ್ ಆಪರೇಟರ್:

ಆಯ್ತು ಕಾಕಾ. ಅರ್ಜಿ ಇವತ್ತೇ ಬರೆಯುತ್ತೇನೆ. ಶಿಫ್ಟಿನವರ ಸಹಿಯೂ ಕೇಳುತ್ತೇನೆ, ಎಷ್ಟು ಜನ ಹಾಕುತ್ತಾರೋ ನೋಡಬೇಕು.